ಕಿವಿರಾಯರ ಎಡಗಡೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕರಾಗಿರುವ ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸುವುದಿಲ್ಲ. ಗೊತ್ತಿದ್ದವರ ಬಾಯಲ್ಲಿ ಅವರು ಕಿವಿರಾಯರು. ಮೊದಲು ಹಾಗೆ ಕರೆದವರು ತಮಾಷೆಗೆ ಕರೆದರು. ಕರೆಸಿಕೊಂಡವರು ಅದನ್ನು ಬಿರುದೆಂದೇ ಸ್ವೀಕರಿಸಿದರು.

ಅವರ ಕೆಲಸವೆಲ್ಲ ಗದ್ದಲದ ನಡುವೆ. ವಾರ್ಡುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಗಾಡಿಗಳಲ್ಲಿ ನೆಲಮಾಳಿಗೆಗೆ ಇಳಿದು, ಒಗೆಸಿಕೊಂಡು, ಹಿಂಡಿಸಿಕೊಂಡು, ಒಣಗಿ, ಮಡಿಕೆಯಾಗಿ ಮೇಲೇರುತ್ತವೆ. ನೀರು ಹಿಂಡುವ ಯಂತ್ರ ವೇಗ ಹಿಡಿದಾಗ ನೆಲವೇ ಹಲ್ಲು ಕಡಿಯುತ್ತದೆ. ಆ ಯಂತ್ರದ ಪಕ್ಕಕ್ಕೆ ಎಡಭುಜ ಕೊಟ್ಟು ನಿಂತರೆ ಬಾಗಿಲೂ ಕಾಣುತ್ತದೆ, ಕೆಲಸಗಾರರೂ ಕಾಣುತ್ತಾರೆ, ಕೆಲಸಗಾರರು ಬಾಗಿಲ ಕಡೆ ಜಾರುವುದೂ ಕಾಣುತ್ತದೆ ಎಂಬುದನ್ನು ಕಿವಿರಾಯರು ಸೇರಿದ ಹೊಸದರಲ್ಲೇ ಕಂಡುಕೊಂಡರು. ಅಂದಿನಿಂದ ಅದೇ ಅವರ ಜಾಗ. ಸದ್ದಿನ ಹತ್ತಿರ ನಿಲ್ಲುವವರು ಕಿವಿ ಮುಚ್ಚಿಕೊಳ್ಳಬೇಕು ಎಂಬ ಫಲಕವೊಂದು ಗೋಡೆಯ ಮೇಲಿದೆ. ಅದಕ್ಕೆ ಧೂಳು ಕೂರದಂತೆ ನೋಡಿಕೊಳ್ಳುವವರೂ ಅವರೇ.

ಇಂಥವರು ಮನೆಗೆ ಬಂದರೆ ಮೌನ ಬಯಸಬೇಕು. ಕಿವಿರಾಯರು ಸ್ಟೀರಿಯೊ ಸೆಟ್ಟುಗಳನ್ನು ಕೂಡಿಹಾಕಿದರು. ಅದೂ ಒಂದೇ ಜಾತಿಯವು. ಕ್ಯಾಸೆಟ್ಟಿನ ಕಾಲ ಉಚ್ಛ್ರಾಯದಲ್ಲಿದ್ದಾಗ ಶ್ರೀಮಂತರ ಬೈಠಕ್ ಖಾನೆಯ ದೊಡ್ಡ ಸ್ಟೀರಿಯೊವನ್ನು ಕುಗ್ಗಿಸಿ, ಆಂಪ್ಲಿಫೈಯರ್, ರೇಡಿಯೊ, ಕ್ಯಾಸೆಟ್ ಡೆಕ್ ಎಂದು ಬೇರೆ ಬೇರೆ ಡಬ್ಬಗಳನ್ನಾಗಿ ಮಾಡಿ, ಅವನ್ನೆಲ್ಲ ಒಂದು ಚೌಕಟ್ಟಿನಲ್ಲಿ ಜೋಡಿಸಿ, ಎಡಬಲಕ್ಕೆ ಕಳಚಿಡಬಹುದಾದ ಸ್ಪೀಕರುಗಳನ್ನು ಸಿಕ್ಕಿಸಿ, ಮೇಲೊಂದು ಹಿಡಿ ಇಟ್ಟು ಮಾರುತ್ತಿದ್ದರು. ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ಜಾಹೀರಾತು ಬರೆದವರು ತಾವೇ ಒಂದು ಸಲ ಒಯ್ದು ನೋಡಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಸೆಲ್ಲು ತುಂಬಿದ ಮೇಲೆ ಅದು ಒದ್ದೆ ಬೆಡ್‌ಶೀಟಿನ ಗಂಟಿಗಿಂತ ಭಾರ. ಈ ಹೋಲಿಕೆ ಕಿವಿರಾಯರದ್ದೇ. ಅವರು ಎರಡನ್ನೂ ಎತ್ತಿದವರು.

ಈ ಹುಚ್ಚು ಇನ್ನೂ ಕೆಲವರಿಗಿತ್ತು. ಹುಚ್ಚರು ಒಟ್ಟಿಗೆ ಸೇರಿದರೆ ಅದಕ್ಕೆ ಬಳಗ ಎಂಬ ಮರ್ಯಾದೆಯ ಹೆಸರು ಬರುತ್ತದೆ. ಸಲೂನ್ ಇಟ್ಟುಕೊಂಡವರೊಬ್ಬರು, ಶಾಲೆಯ ಡ್ರಿಲ್ ಮಾಸ್ಟರೊಬ್ಬರು, ವಿಮೆ ಏಜೆಂಟರೊಬ್ಬರು, ಅವರ ಹಿಂದೆ ತಲೆಯಾಡಿಸಲು ಇನ್ನು ಕೆಲವರು. ಭಾನುವಾರ ಬೆಳಿಗ್ಗೆ ಕಿವಿರಾಯರ ಮನೆಯಲ್ಲಿ ಸೇರುತ್ತಿದ್ದರು. ಇವರಲ್ಲಿ ಸೆಟ್ಟುಗಳನ್ನು ಮಾರುವುದಿಲ್ಲ, ಅದಲುಬದಲು ಮಾಡಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ತಿರುಗಿಸಿದ ಸ್ಕ್ರೂವನ್ನು ಆಮೇಲೆ ಯಾರೂ ಮುಟ್ಟದ ಸೆಟ್ಟಿಗೆ 'ಬಿಚ್ಚದ್ದು' ಎನ್ನುತ್ತಾರೆ. ಅಂಥದ್ದನ್ನು ಇಟ್ಟುಕೊಂಡವರ ನಡಿಗೆಯೇ ಬೇರೆ. ಒಮ್ಮೆ ಬಿಚ್ಚಿದರೆ ಆ ಪದವಿ ಹೋಯಿತು. ಮತ್ತೆ ಎಷ್ಟು ಚೆಂದವಾಗಿ ಮುಚ್ಚಿದರೂ ಬರುವುದಿಲ್ಲ.

ಅದಲುಬದಲಿಗೆ ಮೊದಲು ಸೆಟ್ಟನ್ನು 'ಕೇಳಿಸಬೇಕು'. ಕೇಳುವವರು ಕಿವಿರಾಯರು. ಸ್ಪೀಕರುಗಳನ್ನು ಕಳಚಿ, ಅವರ ಕುರ್ಚಿಯ ಆಚೆಗೊಂದು ಈಚೆಗೊಂದು ಸ್ಟೂಲಿನ ಮೇಲೆ ಕಿವಿಯ ಮಟ್ಟಕ್ಕೆ ಇಡುತ್ತಾರೆ. ಯಾವುದೋ ಸೆಟ್ಟಿನ ಜೊತೆ ಪುಕ್ಕಟೆ ಬಂದಿದ್ದ ಪರೀಕ್ಷೆಯ ಕ್ಯಾಸೆಟ್ ಹಾಕುತ್ತಾರೆ. ಅದರಲ್ಲಿ ಹಾಡಿಲ್ಲ. ಬೂಟು ತೊಟ್ಟ ಯಾರೋ ಒಬ್ಬ ಎಡಗಡೆಯಿಂದ ಹೊರಟು ಬಲಗಡೆಗೆ ನಡೆದುಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ಅಷ್ಟೆ. ಕಿವಿರಾಯರು ಕಣ್ಣು ಮುಚ್ಚಿ ಅವನ ಬೂಟಿನ ಸದ್ದು ಕೇಳುತ್ತಾರೆ. ಬಳಗ ಉಸಿರು ಬಿಗಿಹಿಡಿಯುತ್ತದೆ. ಬಾಗಿಲು ಹಾಕಿದ ಮೇಲೆ ಅವರು 'ಸರಿ' ಎಂದರೆ ಸರಿ. ಮೇಲ್ಮನವಿ ಇಲ್ಲ.

ಲಾಂಡ್ರಿಯಲ್ಲಿ ಅವರ ಮಾತನ್ನು ಯಂತ್ರದ ಸದ್ದು ನುಂಗುತ್ತಿತ್ತು. ಮನೆಯಲ್ಲಿ ಅವರಿಗೆ ಮಾತಾಡುವ ಸರದಿಯೇ ಬರುತ್ತಿರಲಿಲ್ಲ. ಲೋಕದಲ್ಲಿ ಅವರ ಬಾಯಿಂದ ಬಿದ್ದ ಮಾತಿಗೆ ತೂಕವಿದ್ದದ್ದು ಆ ಕುರ್ಚಿಯ ಮೇಲೆ ಮಾತ್ರ. ಹೀಗಾಗಿ ಕಿವಿರಾಯರಿಗೆ ಸೆಟ್ಟುಗಳು ಕಳುವಾದರೂ ಬದುಕುವ ಧೈರ್ಯವಿತ್ತು. ಆ ಕುರ್ಚಿ ಹೋದರೆ ಇರಲಿಲ್ಲ.

ಹೆಂಡತಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಾಯ್ದಿರಿಸುವ ಕೌಂಟರಿನವರು. ಗಾಜಿನಾಚೆ ಗೊಣಗುವವರ ತುಟಿ ನೋಡಿಯೇ ಯಾವ ಊರು, ಯಾವ ಸೀಟು ಎಂದು ಹೇಳಬಲ್ಲವರು. ಇರುವ ಎರಡು ಕೋಣೆಗಳಲ್ಲಿ ಒಂದನ್ನು ಸೆಟ್ಟುಗಳಿಗೆ ಬಿಟ್ಟುಕೊಟ್ಟು, ಅವುಗಳ ಧೂಳು ಒರೆಸಲು ತಾನು ಕೈಯಿಡುವುದಿಲ್ಲ ಎಂಬ ಷರತ್ತಿನ ಮೇಲೆ ಶಾಂತಿ ಕಾಪಾಡಿಕೊಂಡಿದ್ದರು.

ತೊಂದರೆ ಶುರುವಾದದ್ದು ಬೂಟಿನವನಿಂದ. ಎಡಗಡೆಯಿಂದ ಹೊರಡಬೇಕಾದವನು ಒಂದು ದಿನ ಸ್ವಲ್ಪ ತಡವಾಗಿ ಹೊರಟ ಹಾಗೆ ಕಿವಿರಾಯರಿಗೆ ಅನಿಸಿತು. ಕೆಲವು ತಿಂಗಳಲ್ಲಿ ಅವನು ಅರ್ಧ ದಾರಿಯಲ್ಲೇ ಹುಟ್ಟಿ ನಡೆಯತೊಡಗಿದ. ಸೆಟ್ಟಿನ ಎಡ ಸ್ಪೀಕರು ಸತ್ತಿದೆ ಎಂದು ಅವರು ತೀರ್ಮಾನಿಸಿದರು. ಇನ್ನೊಂದು ಸೆಟ್ಟು ಹಾಕಿದರೆ ಅದರದ್ದೂ ಎಡ ಸತ್ತಿತ್ತು. ಮತ್ತೊಂದರದ್ದೂ ಅಷ್ಟೆ. ಮನೆಯೊಳಗಿನ ಸ್ಪೀಕರುಗಳಿಗೆ ಸಾಂಕ್ರಾಮಿಕ ರೋಗ ಬಂದಿತ್ತು, ಅದೂ ಎಡಗಡೆಯವಕ್ಕೆ ಮಾತ್ರ.

ಕಿವಿರಾಯರು ಪದ್ಧತಿ ಬಲ್ಲವರು. ಎಡದ ಸ್ಪೀಕರನ್ನು ಬಲಕ್ಕಿಟ್ಟು ಬಲದ್ದನ್ನು ಎಡಕ್ಕಿಟ್ಟರು. ಆಗಲೂ ಎಡವೇ ಸತ್ತಿತ್ತು. ಆದ್ದರಿಂದ ತಪ್ಪು ಸ್ಪೀಕರಿನದ್ದಲ್ಲ, ಆಂಪ್ಲಿಫೈಯರಿನದ್ದು. ಅದನ್ನು ಬಿಚ್ಚಿ ಬೆಸುಗೆ ಬಿಡಿಸಿ ಮತ್ತೆ ಹಾಕಿದರು. ಎಡ ಏಳಲಿಲ್ಲ. ಹಾಗಾದರೆ ಗೋಡೆ. ಕುರ್ಚಿಯನ್ನು ಎದುರು ಗೋಡೆಗೆ ಒಯ್ದರು. ಆಮೇಲೆ ಹವೆಯ ತೇವ. ಆಮೇಲೆ ಪಕ್ಕದ ಮನೆಯ ಹಿಟ್ಟಿನ ಯಂತ್ರ. ಕುಣಿಯಲಾರದವಳು ನೆಲ ಡೊಂಕೆಂದು ಒಂದು ಸಲ ಹೇಳಿ ಸುಮ್ಮನಾಗಿದ್ದಳು. ಇವರು ನೆಲ, ಗೋಡೆ, ಸೂರು ಎಲ್ಲವನ್ನೂ ವಿಚಾರಣೆಗೆ ಎಳೆದರು. ಒಬ್ಬರನ್ನು ಮಾತ್ರ ವಿಚಾರಿಸಲಿಲ್ಲ, ಅವರು ಕುರ್ಚಿಯಲ್ಲಿ ಕೂತಿದ್ದರು.

ಹೆಂಡತಿಗೆ ಅನುಮಾನ ಬರಲಿಲ್ಲವೇ ಎಂದು ಕೇಳಬಹುದು. ಊಟಕ್ಕೆ ಅವರು ಕೂರುವುದು ಗಂಡನ ಎಡಕ್ಕೆ. ಕೇಳಿದ್ದಕ್ಕೆ ಉತ್ತರ ಬಾರದೆ ಬಹಳ ಕಾಲವಾಗಿತ್ತು. ಆದರೆ ಗಂಡಸರ ಎಂದಿನ ಕಿವುಡಿಗೂ ವೈದ್ಯರು ಒಪ್ಪುವ ಕಿವುಡಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ರೋಗ ಮನೆಯಲ್ಲೇ ಉಳಿದಿದ್ದರೆ ಅಷ್ಟು ಕೆಡುಕಾಗುತ್ತಿರಲಿಲ್ಲ. ಭಾನುವಾರಗಳಲ್ಲಿ ಬೇರೆಯವರ ಸೆಟ್ಟುಗಳೂ ಆ ಕುರ್ಚಿಯ ಮುಂದೆ ಬರುತ್ತಿದ್ದವು. ಡ್ರಿಲ್ ಮಾಸ್ಟರರ ಸೆಟ್ಟು ಮೊದಲ ಬಲಿ. ಕಿವಿರಾಯರು ಕಣ್ಣು ತೆರೆದು, ಸಾವಿನ ಸುದ್ದಿ ಹೇಳುವವರ ದನಿಯಲ್ಲಿ, ಎಡ ಸತ್ತಿದೆ ಎಂದರು. ಮಾಸ್ಟರರು ಎಡ ಸ್ಪೀಕರಿಗೆ ಕಿವಿಗೊಟ್ಟರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಎಲ್ಲರೂ ತನ್ನ ಮುಖ ನೋಡುತ್ತಿರುವಾಗ ಕಿವಿರಾಯರಿಗೆ ಕೇಳಿಸಿದ ದೋಷ ತನಗೆ ಕೇಳಿಸಲಿಲ್ಲ ಎನ್ನಲು ಬಹಳ ದೊಡ್ಡ ಎದೆ ಬೇಕು. ಮಕ್ಕಳಿಗೆ ಎದೆಯುಬ್ಬಿಸಿ ನಿಲ್ಲಲು ಕಲಿಸುವ ಮಾಸ್ಟರರು ಎದೆ ಕುಗ್ಗಿಸಿ, ಹೌದು, ಸ್ವಲ್ಪ ಮಂಕಾಗಿದೆ ಎಂದರು. ವಿಮೆ ಏಜೆಂಟರು ತಮಗದು ಬಾಗಿಲಲ್ಲಿ ಕಾಲಿಟ್ಟಾಗಲೇ ಗೊತ್ತಾಗಿತ್ತು ಎಂದರು.

ಆ ಮೇಲೆ ಬಳಗದ ಕಿವಿಗಳೆಲ್ಲ ಸೂಕ್ಷ್ಮವಾದವು. ಎಲ್ಲರಿಗೂ ಎಡ ಮಂಕಾಗಿ ಕೇಳಿಸತೊಡಗಿತು. ಬಿಚ್ಚದ ಸೆಟ್ಟುಗಳನ್ನು ಬಿಚ್ಚಿದರು. ಚೆನ್ನಾಗಿದ್ದ ಸ್ಪೀಕರುಗಳನ್ನು ಕಿತ್ತು ಹಳೇ ಸಾಮಾನಿನ ಅಂಗಡಿಯಿಂದ ತಂದ ಲಡ್ಡು ಹಿಡಿದ ಸ್ಪೀಕರುಗಳನ್ನು ಕೂರಿಸಿದರು. ಅವು ನಿಜಕ್ಕೂ ಮಂಕಾಗಿದ್ದವು. ಅಲ್ಲಿಗೆ ಕಿವಿರಾಯರ ತೀರ್ಪು ಸತ್ಯವೂ ಆಯಿತು.

ಸಲೂನಿನವರ ಬಳಿ ಇದ್ದದ್ದು ಒಂದೇ ಒಳ್ಳೆಯ ಸೆಟ್ಟು. ಬೆಳ್ಳಿ ಬಣ್ಣದ್ದು, ಬಿಚ್ಚದ್ದು. ಬಳಗದಲ್ಲಿ ಅದರ ಮೇಲೆ ಕಣ್ಣಿಡದವರಿರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಇಟ್ಟವರು ಕಿವಿರಾಯರು. ಬದಲಿಗೆ ಏನು ಕೊಟ್ಟರೂ ಸಲೂನಿನವರು ಒಪ್ಪಿರಲಿಲ್ಲ. ಅದು ಹೇಗಿದೆ ಎಂದು ತಿಳಿಯುವ ಆಸೆಯಿಂದಷ್ಟೇ ಒಂದು ಭಾನುವಾರ ಕೇಳಿಸಲು ತಂದರು. ಎಡ ಸತ್ತಿತ್ತು. ಸಲೂನಿನವರು ಸೆಟ್ಟನ್ನು ಹೊತ್ತು ಮನೆಗೆ ಹೋದರು. ಮುಂದಿನ ವಾರ ಎಡ ಡಬ್ಬದ ಸ್ಕ್ರೂ ಬಿಚ್ಚಿ, ಒಳಗಿನ ಸ್ಪೀಕರು ಬದಲಿಸಿ ತಂದರು. ಅದೂ ಸತ್ತಿತ್ತು. ಈಗ ಸೆಟ್ಟು ಬಿಚ್ಚದ್ದೂ ಅಲ್ಲ, ನೆಟ್ಟಗಿರುವುದೂ ಅಲ್ಲ. ಕಿವಿರಾಯರು ದೊಡ್ಡ ಮನಸ್ಸು ಮಾಡಿ, ತಮ್ಮಲ್ಲಿದ್ದ ಸಾಧಾರಣ ಸೆಟ್ಟೊಂದನ್ನು ಕೊಟ್ಟು ಇದನ್ನು ಇಟ್ಟುಕೊಳ್ಳುತ್ತೇನೆ ಎಂದರು. ತಾವು ಉಪಕಾರ ಮಾಡಿದೆವು ಎಂಬ ಸಮಾಧಾನದಲ್ಲಿ ಆ ದಿನ ಎರಡು ಸಲ ಕಾಫಿ ಕುಡಿದರು.

ಬೆಳ್ಳಿ ಸೆಟ್ಟು ಕಪಾಟು ಸೇರಿದ ಮೇಲೆ ಅವರು ಇಡೀ ಮನೆಯನ್ನು ಎಳೆದಾಡತೊಡಗಿದರು. ಅದರ ಎಡಗಡೆಯನ್ನು ಎಬ್ಬಿಸಲೇಬೇಕು. ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದಾಗ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿತ್ತು, ಗಂಡ ಕಣ್ಣು ಮುಚ್ಚಿ ಅದರಲ್ಲಿದ್ದರು. ಆಚೆ ಸರಿಯಿರಿ ಎಂದು ಎಡಗಡೆಯಿಂದ ಹೇಳಿದರು, ಮತ್ತೆ ಹೇಳಿದರು. ಜವಾಬು ಬರಲಿಲ್ಲ. ಸುತ್ತಿ ಬಲಗಡೆಗೆ ಬಂದು ಹೇಳಿದರು. ಕಿವಿರಾಯರು ಕಣ್ಣು ಬಿಟ್ಟು, ಯಾವಾಗ ಬಂದೆ ಎಂದರು.

ಕೌಂಟರಿನಲ್ಲಿ ಪ್ರತಿದಿನ ಎಂಥೆಂಥವರನ್ನೋ ನೋಡುವ ಹೆಂಗಸು ಅಲ್ಲೇ ನಿಂತು ಸ್ವಲ್ಪ ಯೋಚಿಸಿದರು. ಸ್ಪೀಕರುಗಳನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಮಾತ್ರ ಹಿಡಿದು, ಗಂಡನ ಸಮೇತ, ಗೋಡೆಯ ಕಡೆಗೆ ಮುಖವಾಗುವಂತೆ ತಿರುಗಿಸಿದರು. ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದರು.

ಬೂಟಿನವನು ಹೊರಟ. ಎಷ್ಟೋ ದಿನಗಳ ನಂತರ ಹೊರಡಬೇಕಾದ ಕಡೆಯಿಂದಲೇ ಹೊರಟ. ಮೊದಲ ಹೆಜ್ಜೆ ಸ್ಪಷ್ಟವಾಗಿ ಕೇಳಿಸಿತು. ಕಿವಿರಾಯರ ಮುಖ ಅರಳಿತು. ಆದರೆ ಅರ್ಧ ದಾರಿಗೆ ಅವನು ಮಾಯವಾದ. ಬಾಗಿಲು ಹಾಕಿದ್ದು ಕೇಳಿಸಲೇ ಇಲ್ಲ.

"ಆ ಎಡಗಡೆ ಡಬ್ಬ ಸತ್ತಿದೆ ಅಂತಿದ್ರಲ್ಲ. ಈಗ ಮಾತಾಡ್ತಾ?"

"ಮಾತಾಡ್ತು."

"ಇನ್ನೊಂದು?"

"ಅದು..." ಕಿವಿರಾಯರು ತಡವರಿಸಿದರು. "ಈಗ ಅದು ಕೆಟ್ಟಿದೆ."

"ನೀವು ತಿರುಗಿದ ಕೂಡ್ಲೇ ಅದು ಕೆಟ್ಟು ಇದು ಸರಿಹೋಯ್ತಾ? ಬಹಳ ಸ್ವಾಭಿಮಾನದ ಸೆಟ್ಟು ಕಣ್ರೀ. ಬೆನ್ನು ತೋರಿಸಿದವರ ಹತ್ರ ಬೇರೆ ಥರಾನೇ ನಡ್ಕೊಳ್ಳುತ್ತೆ."

ಕಿವಿರಾಯರು ಎದ್ದು, ತಾವೇ ಕುರ್ಚಿಯನ್ನು ಮೊದಲಿನ ಹಾಗೆ ತಿರುಗಿಸಿ ಕೂತರು. ಮತ್ತೆ ಗೋಡೆಗೆ ತಿರುಗಿಸಿ ಕೂತರು. ಸಾವು ಅವರ ಜೊತೆಗೇ ತಿರುಗುತ್ತಿತ್ತು. ಹೆಂಡತಿ ಅಡುಗೆಮನೆಗೆ ಹೋದರು. ಅಲ್ಲಿಂದಲೇ, ಈ ಸಲ ಬಲಗಿವಿಗೆ ಬೀಳುವಂತೆ, "ಇಷ್ಟು ದಿನ ನಾನು ಗೋಡೆ ಜೊತೆ ಮಾತಾಡ್ತಿದ್ದೀನಿ ಅಂದ್ಕೊಂಡಿದ್ದೆ. ನಿಜ ಆಯ್ತು" ಎಂದರು. ತುಸು ಹೊತ್ತಿಗೆ ಎರಡು ಲೋಟ ಕಾಫಿ ತಂದು ಅವರ ಬಲಕ್ಕೆ ಕೂತರು. ಆ ಮನೆಯಲ್ಲಿ ಸಹಾನುಭೂತಿಯ ಅಳತೆ ಅಷ್ಟು.

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕಿವಿಯ ವೈದ್ಯರಿದ್ದಾರೆ. ಅವರು ಪರೀಕ್ಷಿಸಿ, ಬಲಗಿವಿ ಚೆನ್ನಾಗಿದೆ, ಎಡದ್ದು ಬಹುಪಾಲು ಹೋಗಿದೆ, ಹೋದದ್ದು ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಸ್ವಲ್ಪ ಅನುಕೂಲ ಎಂದರು. ಕೆಲಸ ಎಲ್ಲಿ ಎಂದು ಕೇಳಿ, ಇದೇ ಕಟ್ಟಡದ ಕೆಳಗೆ ಎಂದು ತಿಳಿದ ಮೇಲೆ ಬೆಡ್‌ಶೀಟುಗಳನ್ನು ಹೊಗಳಿದರು.

ವಿಷಯ ಗೊತ್ತಾದದ್ದು ಗಂಡ, ಹೆಂಡತಿ, ವೈದ್ಯರಿಗೆ ಮಾತ್ರ. ಅಷ್ಟರಲ್ಲೇ ಇರಲಿ ಎಂದು ಕಿವಿರಾಯರು ನಿಶ್ಚಯಿಸಿದರು. ಇನ್ನು ಮೇಲೆ ಯಾವ ಸೆಟ್ಟು ಬಂದರೂ 'ಸರಿ' ಎಂದುಬಿಡುವುದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಆ ಬೆಳ್ಳಿ ಸೆಟ್ಟು ಯಾರದ್ದು? ಕಿವಿರಾಯರು ಆಗ ಎಡಗಿವಿಯನ್ನು ಉಪಯೋಗಿಸಿಕೊಂಡರು.

ಆದರೆ ತಲೆಗೂದಲು ಬೆಳೆಯುವುದನ್ನು ಯಾವ ನಿಶ್ಚಯವೂ ತಡೆಯುವುದಿಲ್ಲ. ಸಲೂನಿಗೆ ಹೋಗಲೇಬೇಕಾಯಿತು. ಹೆಗಲಿಗೆ ಬಟ್ಟೆ ಸುತ್ತಿಸಿಕೊಂಡು ಕೂತು ಕನ್ನಡಿ ನೋಡಿದರೆ, ಅದರ ಮೇಲಿನ ಹಲಗೆಯಲ್ಲಿ ಬೆಳ್ಳಿ ಅಂಚಿನ ಸ್ಪೀಕರೊಂದು ರೇಡಿಯೊದ ವಾರ್ತೆ ಓದುತ್ತಿತ್ತು. ಪೌಡರಿನ ಡಬ್ಬಿ, ಬಾಚಣಿಗೆಗಳ ನಡುವೆ ಗಟ್ಟಿಯಾಗಿ, ತೊದಲಿಲ್ಲದೆ ಓದುತ್ತಿತ್ತು. ಬೆಳ್ಳಿ ಸೆಟ್ಟಿನಿಂದ ಸತ್ತಿತೆಂದು ಕಿತ್ತ ಎಡ ಸ್ಪೀಕರು ಅದು.

"ಅದು ಹಾಡುತ್ತಲ್ಲ," ಎಂದರು ಕಿವಿರಾಯರು.

"ಕಿತ್ತ ದಿನದಿಂದ ಹಾಡ್ತಾನೇ ಇದೆ."

"ನಂಗೆ ಹೇಳ್ಲಿಲ್ಲ ನೀವು."

ಸಲೂನಿನವರು ಕತ್ತರಿ ನಿಲ್ಲಿಸಲಿಲ್ಲ. "ಏನಂತ ಹೇಳೋದು ರಾಯರೇ? ನಿಮಗೆ ಆ ಸೆಟ್ಟಿನ ಮೇಲೆ ಮನಸ್ಸಿತ್ತು ಅಂತ ಎಲ್ರಿಗೂ ಗೊತ್ತು. ನಾನು ಕೊಡ್ಲಿಲ್ಲ. ಅದಕ್ಕೆ ಹೀಗೆ ತಗೊಂಡ್ರಿ ಅಂದ್ಕೊಂಡೆ. ಸ್ವಲ್ಪ ತಲೆ ಬಗ್ಗಿಸಿ."

ಕಿವಿರಾಯರು ತಲೆ ಬಗ್ಗಿಸಿದರು. ಕುತ್ತಿಗೆಯ ಹಿಂದೆ ಕೂದಲು ಬೀಳುತ್ತಿರುವಾಗ ಅವರಿಗೆ ತಮ್ಮ ಸ್ಥಿತಿ ಅರ್ಥವಾಯಿತು. ಇಡೀ ಬಳಗದಲ್ಲಿ ಅವರ ತೀರ್ಪು ಸುಳ್ಳೆಂದು ತಿಳಿದ ಮನುಷ್ಯ ಒಬ್ಬನೇ ಇದ್ದ; ಆ ಮನುಷ್ಯ ಅವರನ್ನು ಕಿವುಡನೆಂದು ತಿಳಿದಿರಲಿಲ್ಲ, ಕಳ್ಳನೆಂದು ತಿಳಿದಿದ್ದ. ತಿಳಿದೂ ರಾಯರೇ ಎನ್ನುತ್ತಿದ್ದ, ಕ್ಷೌರ ಮಾಡುತ್ತಿದ್ದ. ಸುಮ್ಮನಿದ್ದರೆ ಎಲ್ಲರ ಕಣ್ಣಲ್ಲಿ ಕಿವಿರಾಯರು, ಒಬ್ಬರ ಕಣ್ಣಲ್ಲಿ ಕಳ್ಳ. ಬಾಯಿಬಿಟ್ಟರೆ ಎಲ್ಲರ ಕಣ್ಣಲ್ಲಿ ಕಿವುಡ. ಸಲೂನಿನವರ ಕಿವಿಯಲ್ಲಿ ಮೆಲ್ಲಗೆ ಹೇಳಿ ಮುಗಿಸೋಣವೆಂದರೆ, ಕಳ್ಳನ ಬಾಯಲ್ಲಿ ಕಿವುಡಿನ ಕಥೆ ಯಾರು ನಂಬುತ್ತಾರೆ? ಮರ್ಯಾದೆಯನ್ನೇ ಒತ್ತೆಯಿಟ್ಟು ಎಲ್ಲರ ಮುಂದೆ ಹೇಳಿದರೆ ಮಾತ್ರ ನಂಬಿಕೆ ಬಂದೀತು.

ಮುಂದಿನ ಭಾನುವಾರ ಬಳಗ ನೆರೆದಾಗ ಕಿವಿರಾಯರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡು, ಲಾಂಡ್ರಿಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದರು: "ನನ್ನ ಎಡಗಿವಿ ಹೋಗಿದೆ. ನಿಮ್ಮ ಸೆಟ್ಟುಗಳಿಗೆ ಏನೂ ಆಗಿರ್ಲಿಲ್ಲ. ನಾನು ಹೇಳಿದ್ದೆಲ್ಲಾ ತಪ್ಪು. ಬೆಳ್ಳಿ ಸೆಟ್ಟು ಇವರದ್ದು, ಇವತ್ತೇ ತಗೊಂಡು ಹೋಗ್ಲಿ." ನಂಬಿಕೆ ಬರಲೆಂದು ಕುರ್ಚಿ ತಿರುಗಿಸಿ ಕೂತು, ಬೂಟಿನವನನ್ನು ನಡೆಸಿ, ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಮಾಯವಾಗುತ್ತಾನೆ ಎಂದು ಬೆರಳು ಮಾಡಿ ತೋರಿಸಿದರು.

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಿವಿರಾಯರು ಒಂದು ವಿಷಯ ಮರೆತಿದ್ದರು. ಅವರಿಗೆ ಕೇಳಿಸದೇ ಇದ್ದದ್ದಕ್ಕೆ ಕಾರಣವಿತ್ತು. ಉಳಿದವರಿಗೆ ಇರಲಿಲ್ಲ.

ಮೊದಲು ದನಿ ಬಂದದ್ದು ಡ್ರಿಲ್ ಮಾಸ್ಟರರಿಗೆ. "ಅದು ಹೇಗೆ ತಪ್ಪಾಗುತ್ತೆ ರಾಯರೇ? ನನಗೂ ಕೇಳಿಸಿತ್ತಲ್ಲ ಮಂಕಾಗಿ. ನನ್ನ ಎರಡೂ ಕಿವಿ ನೆಟ್ಟಗಿವೆ."

ವಿಮೆ ಏಜೆಂಟರು ಇನ್ನೂ ಮುಂದೆ ಹೋದರು. ಕಿವಿ ಹೋಗಿರುವುದು ಈಚೆಗೆ ಇರಬಹುದು, ತೀರ್ಪುಗಳೆಲ್ಲ ಅದಕ್ಕೆ ಮುಂಚಿನವು. ಅಷ್ಟಕ್ಕೂ ಒಂದು ಕಿವಿಯಲ್ಲೇ ಇಷ್ಟು ಸೂಕ್ಷ್ಮ ಹಿಡಿಯುವವರಿಗೆ ಎರಡನೆಯದರ ಅಗತ್ಯವೇನು ಎಂದು ವಾದಿಸಿದರು. ಪ್ರೀಮಿಯಂ ಕಟ್ಟಿದವನು ಬದುಕಿದ್ದರೂ ಲಾಭವೇ ಎಂದು ಒಪ್ಪಿಸಬಲ್ಲ ನಾಲಿಗೆ ಅದು. ತಲೆಯಾಡಿಸುವವರು ತಲೆಯಾಡಿಸಿದರು. ದೊಡ್ಡವರು ತಮ್ಮನ್ನು ತಾವು ಹೀಗೆ ಇಳಿಸಿಕೊಳ್ಳುವುದು ದೊಡ್ಡಸ್ತಿಕೆಯ ಲಕ್ಷಣ ಎಂದು ಯಾರೋ ಹೇಳಿದರು. ಬಡ ಸಲೂನಿನವರ ಮೇಲಿನ ಕನಿಕರಕ್ಕೆ ಸೆಟ್ಟು ವಾಪಸು ಕೊಡಲು ಒಂದು ನೆಪ ಹುಡುಕಿದ್ದಾರೆ ಎಂದು ಇನ್ನೊಬ್ಬರು ಬಿಡಿಸಿ ಹೇಳಿದರು. ಕಿವಿರಾಯರು ವೈದ್ಯರ ಮಾತನ್ನು ಎತ್ತಿದರು. ವೈದ್ಯರಿಗೆ ಸ್ಟೀರಿಯೊ ಏನು ಗೊತ್ತು ಎಂಬ ಉತ್ತರ ಬಂತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ಹೆಂಡತಿ, "ಇವರಿಗೆ ಒಂದು ಕಿವಿ ಹೋಗಿದೆ ಅಂತ ನಾನು ಅಳ್ತಾ ಇದ್ದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಸಲೂನಿನವರು ಮಾತ್ರ ಏನೂ ವಾದಿಸಲಿಲ್ಲ. ಬೂಟಿನವನು ನಡೆಯುವಾಗ ಅವರು ಸ್ಪೀಕರು ನೋಡಿರಲಿಲ್ಲ, ಕಿವಿರಾಯರ ಮುಖ ನೋಡಿದ್ದರು. ಕನ್ನಡಿಯಲ್ಲಿ ದಿನವಿಡೀ ಮುಖ ನೋಡುವವರಿಗೆ ನಟನೆ ಯಾವುದು, ಅಲ್ಲದ್ದು ಯಾವುದು ಎಂದು ತಿಳಿಯುತ್ತದೆ. ಎದ್ದು ಹೋಗಿ ಕಪಾಟಿನಿಂದ ಬೆಳ್ಳಿ ಸೆಟ್ಟು ಇಳಿಸಿಕೊಂಡರು. "ನಾನು ಬೇರೆ ಏನೋ ಅಂದ್ಕೊಂಡಿದ್ದೆ ರಾಯರೇ, ತಪ್ಪಾಯ್ತು," ಎಂದರು. ಬಿಚ್ಚಿದ ಸ್ಕ್ರೂಗಳ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಎತ್ತಿ ಪ್ರಯೋಜನವೂ ಇರಲಿಲ್ಲ.

ಕಿವಿರಾಯರ ಕುರ್ಚಿ ಹೋಗಲಿಲ್ಲ. ಬಳಗ ಅವರಿಗೆ ಅದನ್ನು ಬಿಟ್ಟುಕೊಡಲೂ ಬಿಡಲಿಲ್ಲ. ಬೇಡವೆಂದರೂ ಸೆಟ್ಟುಗಳು ಬರುತ್ತಲೇ ಇವೆ. ಮೋಸವಾಗಬಾರದೆಂದು ಅವರು ಈಗ ಒಂದು ಸಲ ಸೆಟ್ಟಿಗೆ ಮುಖ ಮಾಡಿ, ಇನ್ನೊಂದು ಸಲ ಬೆನ್ನು ಮಾಡಿ ಕೇಳುತ್ತಾರೆ. ಎರಡನ್ನೂ ಬಲಗಿವಿಯಲ್ಲಿ ಕೂಡಿಸಿ ತೀರ್ಪು ಹೇಳುತ್ತಾರೆ. ತೀರ್ಪುಗಳು ಈಗ ಸರಿಯಾಗಿರುತ್ತವೆ. ಬಳಗಕ್ಕೆ ಅದು ಹೊಸ ವಿಧಾನದ ಮಹಿಮೆಯಾಗಿ ಕಂಡಿದೆ. ಡ್ರಿಲ್ ಮಾಸ್ಟರರು ಮನೆಯಲ್ಲಿ ಬೆನ್ನು ಮಾಡಿಯೇ ಕೇಳುತ್ತಾರಂತೆ, ಆಗಷ್ಟೇ ಸೂಕ್ಷ್ಮಗಳು ಸಿಗುತ್ತವಂತೆ. ಹೊಸದಾಗಿ ಸೇರಿದವರಿಗೆ ಇದು ಬಲ್ಲವರ ಹಳೆಯ ಕ್ರಮ ಎಂದು ಹೇಳಿಕೊಡಲಾಗುತ್ತಿದೆ.

ಸಲೂನಿನವರು ಭಾನುವಾರಗಳಿಗೆ ಬರುವುದನ್ನು ನಿಲ್ಲಿಸಿದರು; ಆ ದಿನ ಅಂಗಡಿಯಲ್ಲಿ ಗಿರಾಕಿಗಳು ಜಾಸ್ತಿ. ಕಿವಿರಾಯರು ತಿಂಗಳಿಗೊಮ್ಮೆ ಕ್ಷೌರಕ್ಕೆ ಹೋಗುತ್ತಾರೆ. ಕತ್ತರಿ ತಲೆಯ ಸುತ್ತ ಓಡಾಡುತ್ತದೆ. ಎಡಗಡೆ ಇರುವಾಗ ಸಲೂನಿನವರು ಬಾಯಿ ತೆರೆಯುವುದಿಲ್ಲ. ಏನಾದರೂ ಹೇಳುವುದಿದ್ದರೆ ಬಲಗಡೆಗೆ ಬಂದು ಹೇಳುತ್ತಾರೆ.